ಪುಸ್ತಕ ಮೊದಲು ಹೋಗಲಿ, ನೀವು ಆಮೇಲೆ ಹೋಗಿ: ಶಾಲಾ ಭೇಟಿಗೆ ಹೊರಟ ಮಕ್ಕಳ ಪುಸ್ತಕಗಳ ಲೇಖಕರಿಗೆ, ಚಿತ್ರಕಾರರಿಗೆ

"ಶಾಲೆಯೋರು ಕರೆದಿದಾರೆ, ಮಕ್ಕಳ ಜೊತೆ ಒಂದು ಹೊತ್ತು ಕಳೀಬೇಕಂತೆ. ಏನು ತಯಾರಿ ಮಾಡ್ಕೊಳ್ಳಲಿ?"

ಮಳೆಗಾಲ ಹಿಂದೆ ಸರಿಯುತ್ತಿದ್ದ ಹಾಗೆ ಈ ಪ್ರಶ್ನೆ ಶುರುವಾಗುತ್ತದೆ. ನವೆಂಬರ್ 14 ಹತ್ತಿರ ಬಂದಂತೆ ದಿನಕ್ಕೊಬ್ಬರಾದರೂ ಕೇಳುತ್ತಾರೆ. ಕೇಳುವವರು ಮಕ್ಕಳಿಗಾಗಿ ಬರೆಯುವವರು, ಚಿತ್ರ ಬಿಡಿಸುವವರು, ಕೆಲವರು ಎರಡನ್ನೂ ಮಾಡುವವರು. ಪ್ರತಿಯೊಬ್ಬರಿಗೂ ಫೋನಿನಲ್ಲಿ ತುಂಡುತುಂಡಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ. ನಾನು ಹೆಚ್ಚು ಹೋಗುವುದು ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ. ಹಾಗಾಗಿ ಉದಾಹರಣೆಗಳೆಲ್ಲ ಮಲೆನಾಡಿನವೇ. ಶಿವಮೊಗ್ಗ, ಭದ್ರಾವತಿಯ ದೊಡ್ಡ ಶಾಲೆಗಳಿಗೆ ಹೋಗುವವರು ಅಲ್ಲಲ್ಲಿ ಸ್ವಲ್ಪ ಹೊಂದಿಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳುತ್ತೇನೆ. ನೀವು ಹೋಗುವ ಮುಂಚೆ ನಿಮ್ಮ ಪುಸ್ತಕ ಆ ಶಾಲೆ ತಲುಪಿರಬೇಕು, ಮಕ್ಕಳ ಕೈಯಲ್ಲಿ ಓಡಾಡಿರಬೇಕು. ಪುಸ್ತಕ ನೋಡದ ಮಕ್ಕಳಿಗೆ ನೀವು ಯಾರೋ ಅತಿಥಿ. ಹೂವು ಕೊಡುತ್ತಾರೆ, ಸ್ವಾಗತಗೀತೆ ಹಾಡುತ್ತಾರೆ, ಕೈಕಟ್ಟಿ ಕೂರುತ್ತಾರೆ. ಪುಸ್ತಕ ನೋಡಿದ ಮಕ್ಕಳಿಗೆ ನೀವು ಹತ್ತನೇ ಪುಟದಲ್ಲಿ ಹಂದಿಮರಿಗೆ ಬಾಲ ಬಿಡಿಸಲು ಮರೆತವರು. ಅವರು ಬಾಗಿಲಲ್ಲೇ ಹಿಡಿದು ಕೇಳುತ್ತಾರೆ. ಮಾತು ಅಲ್ಲಿಂದಲೇ ಶುರುವಾಗುತ್ತದೆ.

1. ಹೂಂ ಅನ್ನುವ ಮೊದಲು ಕೇಳಿಕೊಳ್ಳಿ

ಕರೆ ಸಾಮಾನ್ಯವಾಗಿ ಮುಖ್ಯ ಶಿಕ್ಷಕರಿಂದಲೋ ಆಸಕ್ತಿಯ ಕನ್ನಡ ಮೇಷ್ಟ್ರಿಂದಲೋ ಬರುತ್ತದೆ. "ಬನ್ನಿ, ಮಕ್ಕಳಿಗೆ ಎರಡು ಮಾತಾಡಿ" ಅನ್ನುತ್ತಾರೆ. ಅದು ಸಭೆಯೋ ತರಗತಿಯೋ ಎನ್ನುವುದನ್ನು ಆಗಲೇ ಖಚಿತ ಮಾಡಿಕೊಳ್ಳಿ. ಸಭೆಯೆಂದರೆ ವೇದಿಕೆ, ಮೈಕು, ಅಂಗಳದಲ್ಲಿ ಇಡೀ ಶಾಲೆ. ಅಲ್ಲಿ ಭಾಷಣ ಆಗುತ್ತದೆ, ಚಿತ್ರಪುಸ್ತಕದ ಕೆಲಸ ಆಗುವುದಿಲ್ಲ. ಮೂರನೇ ಸಾಲಿನ ಮಗುವಿಗೆ ಪುಟವೇ ಕಾಣುವುದಿಲ್ಲ. "ಒಂದು ಕೋಣೆ, ಮೂವತ್ತು ಮಕ್ಕಳ ಒಳಗೆ, ಒಂದು ಗಂಟೆ" ಎಂದು ನಯವಾಗಿ ಕೇಳಿಕೊಳ್ಳಿ. ಮಕ್ಕಳು ಹೆಚ್ಚಿದ್ದರೆ ಎರಡು ಗುಂಪು ಮಾಡಿ ಎರಡು ಸಲ ಮಾಡಿ. ನಿಮಗೆ ಸುಸ್ತಾದರೂ ಮಕ್ಕಳಿಗೆ ದಕ್ಕುತ್ತದೆ.

ನಮ್ಮ ಹಳ್ಳಿಗಳಲ್ಲಿ ಇದು ಉಲ್ಟಾ ಆಗುವುದೂ ಉಂಟು. ಇಡೀ ಶಾಲೆಯಲ್ಲೇ ಹನ್ನೆರಡು ಮಕ್ಕಳಿರುತ್ತಾರೆ, ಒಂದನೇ ಕ್ಲಾಸಿನ ಪುಟ್ಟಿಯಿಂದ ಐದನೇ ಕ್ಲಾಸಿನವರೆಗೆ ಎಲ್ಲರೂ ಒಂದೇ ಕೋಣೆ. ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ 'ನಲಿ-ಕಲಿ' ಪದ್ಧತಿ ಇದೆ. ಆ ಮೂರೂ ತರಗತಿಯ ಮಕ್ಕಳು ಒಟ್ಟಿಗೆ, ನೆಲದ ಮೇಲೆ ಗುಂಪುಗುಂಪಾಗಿ ಕೂತು, ಅವರವರ ವೇಗದಲ್ಲಿ ಕಲಿಯುವ ವ್ಯವಸ್ಥೆ ಅದು. ಆ ಕೋಣೆಗೆ ಹೋಗುವವರಿಗೆ ಒಂದು ಅನುಕೂಲ ಕಾದಿರುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೇ ಕಪ್ಪುಹಲಗೆ ಬಳಿದಿರುತ್ತಾರೆ. ಮೇಲೆ 'ಚಪ್ಪರ' ಇರುತ್ತದೆ, ಅಂದರೆ ಮಕ್ಕಳು ಮಾಡಿದ ಚಿತ್ರ, ಬರಹಗಳನ್ನು ನೇತುಹಾಕಲು ಕಟ್ಟಿದ ದಾರಗಳ ಜಾಲ. ಎರಡನ್ನೂ ಬಳಸಿಕೊಳ್ಳಿ.

ಮನೆಮಾತು ಯಾವುದೆಂದು ಕೇಳುವುದನ್ನು ಬಹಳ ಜನ ಮರೆಯುತ್ತಾರೆ. ಕನ್ನಡ ಶಾಲೆ ಎಂದ ಮಾತ್ರಕ್ಕೆ ಎಲ್ಲ ಮಕ್ಕಳ ಮನೆಯಲ್ಲೂ ಕನ್ನಡ ಇರಬೇಕಿಲ್ಲ. ಉರ್ದು, ಲಂಬಾಣಿ, ಕೊಂಕಣಿ, ತುಳು, ಭದ್ರಾವತಿ ಕಡೆ ತಮಿಳು, ತೆಲುಗು, ಹೀಗೆ ನಾನಾ ಮನೆಮಾತಿನ ಮಕ್ಕಳು ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಕಥೆಯಲ್ಲಿ ಬರುವ ನಾಲ್ಕೈದು ಮುಖ್ಯ ಪದಗಳನ್ನು "ನಿಮ್ಮನೇಲಿ ಇದಕ್ಕೆ ಏನಂತಾರೆ?" ಎಂದು ಕೇಳಲು ಆರಿಸಿಟ್ಟುಕೊಳ್ಳಿ. ಬಾಯಿ ಬಿಡದ ಮಗು ಮಾತಾಡುವುದು ಹೆಚ್ಚಾಗಿ ಆ ಗಳಿಗೆಯಲ್ಲೇ.

ಅನುಮತಿಯ ವಿಚಾರ. ಖಾಸಗಿ ಶಾಲೆಗೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಸಾಕು. ಸರ್ಕಾರಿ ಶಾಲೆಗಾದರೆ ಮುಖ್ಯ ಶಿಕ್ಷಕರ ಹೆಸರಿಗೆ ಒಂದು ಪುಟದ ಪತ್ರ ಬರೆದುಕೊಡಿ: ನೀವು ಯಾರು, ಯಾವ ದಿನ, ಎಷ್ಟು ಹೊತ್ತು, ಏನು ಮಾಡಿಸುತ್ತೀರಿ, ಮಕ್ಕಳಿಂದಲೋ ಶಾಲೆಯಿಂದಲೋ ಹಣ ಕೇಳುತ್ತಿಲ್ಲ ಎನ್ನುವುದು. ಅವರು ಅದನ್ನು ಬಿಇಒ ಕಚೇರಿಗೆ, ಅಂದರೆ ತಾಲ್ಲೂಕಿನ ಶಾಲೆಗಳ ಹೊಣೆ ಹೊತ್ತ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ತಿಳಿಸುತ್ತಾರೆ. ಒಂದೇ ತಾಲ್ಲೂಕಿನ ನಾಲ್ಕಾರು ಶಾಲೆಗೆ ಹೋಗುವ ಯೋಚನೆ ಇದ್ದರೆ ನೀವೇ ಬಿಇಒ ಅವರನ್ನು ಕಂಡು ಬನ್ನಿ. ಆ ಭಾಗದ ಸಿಆರ್‌ಪಿ ಪರಿಚಯ ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು. ಸಿಆರ್‌ಪಿ ಎಂದರೆ ಸಮೂಹ ಸಂಪನ್ಮೂಲ ವ್ಯಕ್ತಿ, ಅಕ್ಕಪಕ್ಕದ ಒಂದಷ್ಟು ಶಾಲೆಗಳಿಗೆ ಓಡಾಡಿಕೊಂಡು ನೆರವಾಗುವ ಶಿಕ್ಷಕರು. ಯಾವ ಶಾಲೆಗೆ ದಾರಿ ಸರಿಯಿದೆ, ಎಲ್ಲಿ ಕಾಲುಸಂಕ ದಾಟಬೇಕು, ಯಾವ ಟೀಚರಿಗೆ ಪುಸ್ತಕದ ಹುಚ್ಚು, ಎಲ್ಲ ಅವರಿಗೆ ಗೊತ್ತು.

2. ದಿನ, ಹೊತ್ತು

ಜೂನ್‌ನಿಂದ ಆಗಸ್ಟ್‌ವರೆಗೆ ಒಪ್ಪಿಕೊಂಡರೆ ಬದಲಿ ದಿನವೊಂದನ್ನು ಆಗಲೇ ಗೊತ್ತು ಮಾಡಿಕೊಳ್ಳಿ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದಲ್ಲಿ ಮಳೆ ಜೋರಾದ ದಿನ ಬೆಳಿಗ್ಗೆಯೇ ರಜೆ ಘೋಷಣೆಯಾಗುತ್ತದೆ, ನೀವಾಗಲೇ ಅರ್ಧ ದಾರಿಯಲ್ಲಿರುತ್ತೀರಿ. ರಜೆ ಇಲ್ಲದಿದ್ದರೂ ತಗಡಿನ ಮಾಡಿನ ಮೇಲೆ ಮಳೆ ಬೀಳುತ್ತಿದ್ದರೆ ನಿಮ್ಮ ದನಿ ಎರಡನೇ ಸಾಲಿಗೂ ಮುಟ್ಟುವುದಿಲ್ಲ. ಆ ಹೊತ್ತಿಗೆಂದು ಮಾತಿಲ್ಲದ ಕೆಲಸವೊಂದು ಕೈಯಲ್ಲಿರಲಿ. ಮಳೆ ನಿಲ್ಲುವವರೆಗೆ ಹಲಗೆಯ ಮೇಲೆ ಚಿತ್ರದಲ್ಲೇ ಕಥೆ ಮುಂದುವರಿಸಿ.

ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಚೆನ್ನಾಗಿರುತ್ತದೆ. ಆದರೆ ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸ, ವಾರ್ಷಿಕೋತ್ಸವದ ಡ್ಯಾನ್ಸ್ ಪ್ರಾಕ್ಟೀಸು. ಪ್ರತಿಭಾ ಕಾರಂಜಿ ಇರುವ ವಾರ ಮೇಷ್ಟ್ರಿಗೆ ಉಸಿರಾಡಲು ಪುರಸತ್ತಿರುವುದಿಲ್ಲ. ಊರಿನ ಜಾತ್ರೆಯ ದಿನ ಅರ್ಧ ಶಾಲೆ ಖಾಲಿ. ಈ ಮೂರನ್ನೂ ಫೋನಿನಲ್ಲೇ ವಿಚಾರಿಸಿ. ತಿಂಗಳಿಗೊಮ್ಮೆ ಬರುವ ಬ್ಯಾಗ್ ಇಲ್ಲದ 'ಸಂಭ್ರಮ ಶನಿವಾರ' ಈ ಕೆಲಸಕ್ಕೆ ಹೇಳಿ ಮಾಡಿಸಿದ ದಿನ. ಆದರೆ ಶನಿವಾರ ಬೆಳಗಿನ ಶಾಲೆ ಎನ್ನುವುದು ನೆನಪಿರಲಿ.

ಹೊತ್ತಿನ ವಿಷಯಕ್ಕೆ ಬಂದರೆ, ಪ್ರಾರ್ಥನೆ, ಹಾಲು ಮುಗಿದ ಮೇಲಿನ ಮೊದಲ ಗಂಟೆಯನ್ನು ಕೇಳಿ ಪಡೆಯಿರಿ. ಬಿಸಿಯೂಟಕ್ಕೆ ಮುಂಚಿನ ಅರ್ಧ ಗಂಟೆ ಬೇಡವೇ ಬೇಡ. ಸಾರಿನ ಒಗ್ಗರಣೆ ವಾಸನೆ ಬಂದ ಮೇಲೆ ಯಾವ ಕಥೆಯೂ ನಿಲ್ಲುವುದಿಲ್ಲ. ಊಟಕ್ಕೆ ಕರೆದರೆ ಮಕ್ಕಳ ಸಾಲಿನಲ್ಲೇ ತಟ್ಟೆ ಹಿಡಿದು ಕೂತುಬಿಡಿ. ಒಂದು ಗಂಟೆಯಲ್ಲಿ ಕೇಳಲಾಗದ ಪ್ರಶ್ನೆಗಳೆಲ್ಲ ಅಲ್ಲಿ ಬರುತ್ತವೆ.

3. ಪುಸ್ತಕ ಕಳಿಸಿ

ಹದಿನೈದು ದಿನ ಮೊದಲೇ ಕನಿಷ್ಠ ಎರಡು ಪ್ರತಿ ಕಳಿಸಿ. ಸ್ಪೀಡ್ ಪೋಸ್ಟ್ ಆಗಬಹುದು, ಆ ದಾರಿಯ ಖಾಸಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟರೂ ಆಗಬಹುದು. ಪ್ಲಾಸ್ಟಿಕ್ಕಿನಲ್ಲಿ ಸುತ್ತದೆ ಮಾತ್ರ ಕಳಿಸಬೇಡಿ. ಮೊದಲೊಮ್ಮೆ ನಾನು ಬರೀ ಕಾಗದ ಸುತ್ತಿ ಕಳಿಸಿದ್ದೆ. ಬಸ್ಸಿನ ಟಾಪಿನಲ್ಲಿ ನೆನೆದು, ಒಣಗುವಾಗ ಪುಟಗಳೆಲ್ಲ ಅಂಟಿಕೊಂಡು, ನಾನು ಹೋಗುವ ಹೊತ್ತಿಗೆ ಮಕ್ಕಳು ನೋಡಿದ್ದು ರಟ್ಟು ಮಾತ್ರ.

ಪುಸ್ತಕದ ಜೊತೆ ಶಿಕ್ಷಕರಿಗೆ ಒಂದು ಚಿಕ್ಕ ಚೀಟಿ ಇಡಿ. ಅದರಲ್ಲಿ ಮೂರೇ ಕೋರಿಕೆ: ಎರಡು ಸಲ ಗಟ್ಟಿಯಾಗಿ ಓದಿ ಹೇಳಿ, ಪುಸ್ತಕವನ್ನು ಬೀರುವಿನಲ್ಲಿಡದೆ ಮಕ್ಕಳ ಕೈಗೆ ಸಿಗುವಲ್ಲಿಡಿ, ಪ್ರತಿ ಮಗುವೂ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಲಿ, ಬರೆಯಲು ಬಾರದವರು ಚಿತ್ರದಲ್ಲಿ ಕೇಳಲಿ. ಪ್ರಶ್ನೋತ್ತರ ಬರೆಸಬೇಡಿ, ಸಾರಾಂಶ ಬರೆಸಬೇಡಿ ಎಂದೂ ಸೇರಿಸಿ. ಹೋಮ್‌ವರ್ಕ್ ಆದ ಪುಸ್ತಕವನ್ನು ಮಕ್ಕಳು ಪ್ರೀತಿಯಿಂದ ನೋಡುವುದಿಲ್ಲ.

ಪುಸ್ತಕ ಮುದ್ರಣದಲ್ಲೇ ಇದೆ, ಇನ್ನೂ ಬಂದಿಲ್ಲ ಎನ್ನುವವರು ನಾಲ್ಕು ಪುಟದ ಕಲರ್ ಜೆರಾಕ್ಸ್ ಕಳಿಸಿ. ಅದೂ ಆಗದಿದ್ದರೆ ಭೇಟಿಯನ್ನೇ ಒಂದು ತಿಂಗಳು ಮುಂದೂಡಿ.

4. ಓದುವುದನ್ನು ಅಭ್ಯಾಸ ಮಾಡಿ

ನಿಮ್ಮದೇ ಪುಸ್ತಕ, ಅಭ್ಯಾಸ ಯಾಕೆ ಅಂದುಕೊಳ್ಳುತ್ತೀರಿ. ಪುಸ್ತಕವನ್ನು ನಿಮ್ಮ ಕಡೆ ತಿರುಗಿಸಿಕೊಂಡು ಓದಿ ಆಮೇಲೆ ಚಿತ್ರ ತೋರಿಸುವುದು ಎಲ್ಲರೂ ಮಾಡುವ ತಪ್ಪು. ಮಾತು ಮುಗಿದ ಮೇಲೆ ಬರುವ ಚಿತ್ರಕ್ಕೆ ಜೀವ ಇರುವುದಿಲ್ಲ. ಪುಸ್ತಕವನ್ನು ಎದೆಯ ಪಕ್ಕಕ್ಕೆ, ಮಕ್ಕಳ ಕಡೆ ಮುಖ ಮಾಡಿ ಹಿಡಿಯಿರಿ, ಕೆಳಗಿನ ಅಂಚಿನ ನಡುವೆ ಕೈಯಿರಲಿ. ಹಾಗೆ ಹಿಡಿದರೆ ಅಕ್ಷರ ಓರೆಯಾಗಿ ಕಾಣುತ್ತದೆ, ಆದ್ದರಿಂದ ಪಠ್ಯ ಬಾಯಿಗೆ ಬಂದಿರಬೇಕು. ಪುಟ ತಿರುಗಿಸುವ ಮುನ್ನ ಎರಡು ಉಸಿರಿನಷ್ಟು ನಿಲ್ಲಿ. ಮಕ್ಕಳ ಕಣ್ಣು ಚಿತ್ರದ ಮೂಲೆಮೂಲೆಗೂ ಹೋಗಿಬರಲು ಅಷ್ಟು ಹೊತ್ತು ಬೇಕು. ದೊಡ್ಡವರಿಗೆ ಕಾಣದ ಜೇಡ, ಇರುವೆ ಅವರಿಗೇ ಮೊದಲು ಕಾಣುವುದು.

ನಡುನಡುವೆ ಅರ್ಥ ಹೇಳುತ್ತಾ ಹೋಗಬೇಡಿ. ಓದು ಮುಗಿದ ಮೇಲೆ "ಈ ಕಥೆಯ ನೀತಿ ಏನು?" ಎಂದು ಯಾವತ್ತೂ ಕೇಳಬೇಡಿ. ಇದನ್ನು ನಾನು ಬಹಳ ಗಟ್ಟಿಯಾಗಿ ಹೇಳುತ್ತಿದ್ದೇನೆ. ಆ ಪ್ರಶ್ನೆ ಬಿದ್ದ ಕೂಡಲೇ ಮಕ್ಕಳು ಕಥೆ ಬಿಟ್ಟು ಉತ್ತರ ಹುಡುಕತೊಡಗುತ್ತಾರೆ, "ಸುಳ್ಳು ಹೇಳಬಾರದು", "ಎಲ್ಲರೂ ಒಗ್ಗಟ್ಟಾಗಿರಬೇಕು" ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಜೊತೆಗಿರುವ ಶಿಕ್ಷಕರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಕೇಳಿಬಿಡಬಹುದು. ಆಗ ನೀವು, "ನಿಮಗೆ ಯಾವ ಪುಟ ಇನ್ನೊಂದು ಸಲ ನೋಡ್ಬೇಕು ಅನ್ನಿಸ್ತಿದೆ?" ಎಂದು ಮಾತನ್ನು ತಿರುಗಿಸಿಕೊಳ್ಳಿ.

5. ಪುಸ್ತಕ ಆಗುವ ಬಗೆ ತೋರಿಸಿ

ಇದಕ್ಕೆ ಹತ್ತು ನಿಮಿಷ ಸಾಕು, ಆದರೆ ಕೈಯಲ್ಲಿ ವಸ್ತುಗಳಿರಬೇಕು. ಮೊದಲ ಕರಡು ಗೀಚು, ಸ್ಟೋರಿಬೋರ್ಡ್ (ಇಡೀ ಪುಸ್ತಕದ ಪುಟಗಳನ್ನು ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಒಂದೇ ಹಾಳೆಯಲ್ಲಿ ಬರೆದ ನಕ್ಷೆ), ಡಮ್ಮಿ (ಮುದ್ರಣಕ್ಕೆ ಮುಂಚೆ ಕೈಯಲ್ಲೇ ಮಡಚಿ ಹೊಲಿದ ಮಾದರಿ ಪುಸ್ತಕ), ಕೊನೆಗೆ ಅಚ್ಚಾದ ಪುಸ್ತಕ. ಒಂದೇ ಪುಟ ಈ ನಾಲ್ಕರಲ್ಲೂ ಹೇಗೆ ಬದಲಾಯಿತೆಂದು ತೋರಿಸಿ. ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಕೈಬದಲಾಗಿ ಹೋಗಲಿ. ಮೂಲಚಿತ್ರ ಮಾತ್ರ ಒಯ್ಯಬೇಡಿ, ಸ್ಕ್ಯಾನ್ ಮಾಡಿಸಿದ ಪ್ರತಿ ಒಯ್ಯಿರಿ. ಮಲೆನಾಡಿನ ಹಸಿಗಾಳಿಗೆ ವಾಟರ್‌ಕಲರ್ ಹಾಳೆ ಸುರುಟಿಕೊಳ್ಳುತ್ತದೆ, ಬೆವರು ಬೆರಳು ತಾಗಿದರೆ ಬಣ್ಣ ಏಳುತ್ತದೆ. ಮಗುವಿನ ಕೈಯಲ್ಲಿ ಹಾಗಾಗಿ ಆ ಮಗು ಹೆದರಿದರೆ ಅದಕ್ಕಿಂತ ಬೇಸರದ ಸಂಗತಿ ಬೇರೆ ಇಲ್ಲ.

ಚಿತ್ರಪುಸ್ತಕಗಳು ಯಾಕೆ 16, 24, 32 ಪುಟ ಇರುತ್ತವೆ ಎನ್ನುವುದನ್ನು ನಾಲ್ಕನೇ ಕ್ಲಾಸಿನ ಮೇಲಿನವರಿಗೆ ಹೇಳಿ. ದೊಡ್ಡ ಹಾಳೆಯ ಎರಡೂ ಬದಿ ಅಚ್ಚುಹಾಕಿ, ಮಡಚಿ, ಅಂಚು ಕತ್ತರಿಸಿದರೆ 8 ಅಥವಾ 16 ಪುಟವಾಗುತ್ತದೆ. ಅದನ್ನೇ ಪ್ರೆಸ್ಸಿನವರು 'ಫಾರಂ' ಅನ್ನುವುದು. ದಿನಪತ್ರಿಕೆಯ ಹಾಳೆಯೊಂದನ್ನು ಅಲ್ಲೇ ಮಡಚಿ ತೋರಿಸಿದರೆ ಅರ್ಥವಾಗಿಬಿಡುತ್ತದೆ. ಒಂದು ಭೂತಗನ್ನಡಿಯೂ ಜೊತೆಗಿರಲಿ. ಅಚ್ಚಾದ ಚಿತ್ರವನ್ನು ಅದರಲ್ಲಿ ನೋಡಿದರೆ ಹಸಿರು ಎಂದುಕೊಂಡಿದ್ದ ಎಲೆ ನೀಲಿ, ಹಳದಿ ಚುಕ್ಕಿಗಳಾಗಿ ಒಡೆಯುತ್ತದೆ. ನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು, ಈ ನಾಲ್ಕೇ ಶಾಯಿಯಲ್ಲಿ ಇಡೀ ಪುಸ್ತಕ ಆಗಿದೆ ಎಂದು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಆಮೇಲೆ ಅವರ ಪಠ್ಯಪುಸ್ತಕ, ಬಿಸ್ಕೆಟ್ ಪೊಟ್ಟಣ ಎಲ್ಲವನ್ನೂ ಅದರಡಿ ಇಟ್ಟು ನೋಡತೊಡಗುತ್ತಾರೆ. ನೋಡಲಿ, ಅವಸರ ಮಾಡಬೇಡಿ.

ಪ್ರೊಜೆಕ್ಟರ್ ಇದೆ ಎಂದು ಶಾಲೆಯವರು ಹೇಳಿದರೂ ಅದನ್ನು ನಂಬಿಕೊಂಡು ಹೋಗಬೇಡಿ. ಮಲೆನಾಡಿನಲ್ಲಿ ಗಾಳಿ ಬೀಸಿ ಎಲ್ಲೋ ಒಂದು ಕೊಂಬೆ ಬಿದ್ದರೆ ದಿನವಿಡೀ ಕರೆಂಟಿಲ್ಲ.

6. ಮಕ್ಕಳೆದುರು ಚಿತ್ರ ಬಿಡಿಸಿ

ನೀವು ಲೇಖಕರಷ್ಟೇ ಆಗಿದ್ದು ಚಿತ್ರ ಬಾರದಿದ್ದರೆ ಈ ಹಂತದಲ್ಲಿ ಮಕ್ಕಳ ಕೈಗೆ ಸೀಮೆಸುಣ್ಣ ಕೊಟ್ಟು ನೀವು ಕಥೆ ಕಟ್ಟಿ. ಚಿತ್ರಕಾರರಿಗೆ ಇದೇ ಭೇಟಿಯ ಹೃದಯ.

ದಪ್ಪ ಮಾರ್ಕರ್, ಚಾರ್ಟ್ ಪೇಪರ್, ಇಲ್ಲವೇ ಹಲಗೆ ಮತ್ತು ಸೀಮೆಸುಣ್ಣ. ಪೆನ್ಸಿಲ್ಲಿನಲ್ಲಿ ಮೊದಲೇ ತೆಳುವಾಗಿ ಬರೆದಿಟ್ಟುಕೊಂಡು ಮೇಲೆ ತಿದ್ದುವುದು ಬೇಡ, ಮಕ್ಕಳಿಗೆ ಗೊತ್ತಾಗುತ್ತದೆ. ಮನೆಯಲ್ಲಿ ಬರೆದು ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಅಲ್ಲಿಂದ ಕಾಣದ ಗೆರೆ ಕೊನೆಯ ಸಾಲಿಗೂ ಕಾಣುವುದಿಲ್ಲ. ಗೆರೆ ತಪ್ಪಿದರೆ ಅಳಿಸಬೇಡಿ. "ಕಾಲು ಉದ್ದ ಆಯ್ತು. ಈಗ ಏನು ಮಾಡಣ?" ಎಂದು ಅವರನ್ನೇ ಕೇಳಿ. ಒಬ್ಬ ಹುಡುಗ "ಗದ್ದೇಲಿ ನಿಲ್ಸಿ ಟೀಚರ್, ಕೆಸರಲ್ಲಿ ಹೂತೋಗತ್ತೆ" ಅಂದಿದ್ದ. ಆ ಪರಿಹಾರ ನನಗೆ ಹೊಳೆದಿರಲಿಲ್ಲ. ತಪ್ಪು ಗೆರೆಯಿಂದ ಮುಂದಕ್ಕೆ ದಾರಿ ಇದೆ ಎನ್ನುವುದನ್ನು ಕಣ್ಣಾರೆ ನೋಡಿದ ಮಗು ಮನೆಗೆ ಹೋಗಿ ರಬ್ಬರ್ ಹುಡುಕುವುದಿಲ್ಲ.

"ಒಂದು ಚಿತ್ರ ಬಿಡಿಸಿ" ಅಂದರೆ ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಒಂದೇ ಚಿತ್ರ ಬಿಡಿಸುತ್ತಾರೆ. ಎರಡು ಚೂಪು ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೆ ಹೊಳೆ, ದಡದಲ್ಲೊಂದು ಮನೆ, ಪಕ್ಕಕ್ಕೆ ವಾಲಿದ ತೆಂಗಿನಮರ. ಕಿಟಕಿಯಾಚೆಯ ಗುಡ್ಡ ಚೂಪಾಗಿಲ್ಲ. ದುಂಡಗೆ, ಕಾಡು ಹೊದ್ದು, ಒಂದರ ಹಿಂದೆ ಒಂದು ನೀಲಿಯಾಗುತ್ತಾ ಹೋಗಿದೆ. ಮರ ಅಡಿಕೆಯದು. ಬಯ್ಯಬೇಡಿ, ಆ ಚಿತ್ರ ತಪ್ಪೆಂದೂ ಹೇಳಬೇಡಿ. ಐದು ನಿಮಿಷ ಹೊರಗೆ ಕರೆದುಕೊಂಡು ಹೋಗಿ ಒಂದೇ ಒಂದು ಅಡಿಕೆ ಮರದ ಮುಂದೆ ನಿಲ್ಲಿಸಿ. ಕಾಂಡದ ಮೇಲಿನ ಉಂಗುರಗಳನ್ನು ಮುಟ್ಟಿ ನೋಡಲಿ, ಉಂಗುರಗಳ ನಡುವಿನ ಅಂತರ ಬುಡದಲ್ಲಿ ಎಷ್ಟು, ಮೇಲೆ ಎಷ್ಟು ಎಂದು ಹೇಳಲಿ, ಒಂದೊಂದು ಉಂಗುರವೂ ಉದುರಿಹೋದ ಒಂದು ಸೋಗೆಯ ಗುರುತು ಎಂದು ತಿಳಿಯಲಿ. ಒಳಗೆ ಬಂದು ಬರೆಸಿದರೆ ನಲವತ್ತು ಮಕ್ಕಳ ಮರ ನಲವತ್ತು ತರ ಇರುತ್ತದೆ.

ಸಾಗರ, ಸೊರಬ ಕಡೆಯಾದರೆ ಚಿತ್ರಕಲೆಯನ್ನು ನೀವು ಹೊತ್ತುಕೊಂಡು ಹೋಗಬೇಕಿಲ್ಲ, ಮಕ್ಕಳ ಮನೆಯ ಗೋಡೆಯಲ್ಲೇ ಇದೆ. ದೀವರ ಸಮುದಾಯದವರು ಮನೆಗೋಡೆಗೆ ಬರೆಯುವ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಅಕ್ಕಿ ಕಪ್ಪಗೆ ಹುರಿದು ತೆಗೆದ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿನಾರಿನದು. ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬಕ್ಕೆ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆಯುವ ಅಮ್ಮನೋ ಅಜ್ಜಿಯೋ ಊರಲ್ಲಿದ್ದರೆ ಅವರನ್ನೂ ಆ ದಿನ ಶಾಲೆಗೆ ಕರೆಯಲು ಮುಖ್ಯ ಶಿಕ್ಷಕರಿಗೆ ಹೇಳಿ. ಅವರು ನಾಲ್ಕು ಗೆರೆ ಎಳೆಯಲಿ, ನೀವು ಪಕ್ಕದಲ್ಲಿ ಕೂತು ಕಲಿಯಿರಿ. ಪುಸ್ತಕದ ಚಿತ್ರಕಾರರು ತನ್ನಜ್ಜಿಯ ಹತ್ತಿರ ಪಾಠ ಹೇಳಿಸಿಕೊಂಡದ್ದನ್ನು ನೋಡಿದ ಮಗುವಿನ ಮುಖ ನಾನು ನೋಡಿದ್ದೇನೆ. ಅದಕ್ಕೋಸ್ಕರವಾದರೂ ಈ ಏರ್ಪಾಟು ಮಾಡಿ.

7. ಎಂಟು ಪುಟದ ಪುಟಾಣಿ ಪುಸ್ತಕ

ನೀವು ಹೊರಟಮೇಲೂ ಮಕ್ಕಳ ಬಳಿ ಉಳಿಯುವುದು ಇದು. ಒಬ್ಬರಿಗೊಂದು ಎ4 ಹಾಳೆ, ಅಂಟು ಬೇಡ, ಪಿನ್ನು ಬೇಡ. ಮಾಡುವ ವಿಧಾನ:

ಅ. ಹಾಳೆಯನ್ನು ಅಡ್ಡಕ್ಕೆ ಇಟ್ಟು, ಉದ್ದದ ಅಂಚುಗಳು ಒಂದರ ಮೇಲೊಂದು ಕೂರುವಂತೆ ಮಡಚಿ, ಉಗುರಿನಿಂದ ಉಜ್ಜಿ, ಬಿಡಿಸಿ.

ಆ. ಈಗ ಗಿಡ್ಡ ಅಂಚುಗಳನ್ನು ಸೇರಿಸಿ ಮಡಚಿ. ಅದನ್ನೇ ಇನ್ನೊಮ್ಮೆ ಅರ್ಧಕ್ಕೆ ಮಡಚಿ. ಪೂರ್ತಿ ಬಿಡಿಸಿದರೆ ಎಂಟು ಮನೆ ಕಾಣುತ್ತವೆ.

ಇ. ಗಿಡ್ಡ ಅಂಚುಗಳನ್ನು ಸೇರಿಸಿ ಒಂದು ಸಲ ಮಾತ್ರ ಮಡಚಿ. ಮಡಿಕೆ ಇರುವ ಬದಿಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಕತ್ತರಿಸಿ ನಿಲ್ಲಿಸಿ. ಬಿಡಿಸಿದರೆ ಹಾಳೆಯ ನಟ್ಟನಡುವೆ ಎರಡು ಮನೆಯುದ್ದದ ಸೀಳು ಇರಬೇಕು.

ಈ. ಮತ್ತೆ ಉದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ನಡುವಿಗೆ ತಳ್ಳಿ. ಸೀಳು ಬಾಯಿ ತೆರೆದು ಕೂಡಿಸುವ ಚಿಹ್ನೆಯ ಆಕಾರ ಬರುತ್ತದೆ. ಪುಟಗಳನ್ನು ಒಂದೇ ಕಡೆಗೆ ತಿರುಗಿಸಿ ಒತ್ತಿದರೆ ಪುಸ್ತಕ.

ಮುಖಪುಟ, ಬೆನ್ನಪುಟ ಬಿಟ್ಟು ಒಳಗೆ ಆರು ಪುಟ, ಪ್ರತಿ ಪುಟ ಸುಮಾರು 7.4 × 10.5 ಸೆಂಟಿಮೀಟರ್.

ತಪ್ಪುವುದು ಮೂರನೇ ಹಂತದಲ್ಲಿ. ಮಡಿಕೆಯ ಬದಿ ಬಿಟ್ಟು ತೆರೆದ ಬದಿಯಿಂದ ಕತ್ತರಿಸಿದರೆ ಹಾಳೆ ಅಂಚಿನಿಂದ ಸೀಳಿ ಪುಸ್ತಕ ಕೂರುವುದಿಲ್ಲ. ಕತ್ತರಿ ಹಿಡಿಯುವ ಮುನ್ನ ಎಲ್ಲರೂ ಮಡಿಕೆಯ ಬದಿಗೆ ಬೆರಳಿಟ್ಟು ತೋರಿಸಲಿ. ನಲಿ-ಕಲಿ ಮಕ್ಕಳಿಗೆ ಕತ್ತರಿ ಕೊಡಬೇಡಿ, ಹಿಂದಿನ ರಾತ್ರಿ ಮನೆಯಲ್ಲೇ ಕತ್ತರಿಸಿ ತನ್ನಿ. ಮಕ್ಕಳ ಸಂಖ್ಯೆಗಿಂತ ಹತ್ತು ಹಾಳೆ ಹೆಚ್ಚಿರಲಿ, ಟೀಚರಿಗೂ ಅಡುಗೆಯವರಿಗೂ ಒಂದೊಂದು ಬೇಕಾಗುತ್ತದೆ. ಮಾಮೂಲಿ ಜೆರಾಕ್ಸ್ ಹಾಳೆಯೇ ಸರಿ, ದಪ್ಪ ಡ್ರಾಯಿಂಗ್ ಶೀಟ್ ಮಡಚುವಾಗ ಒಡೆಯುತ್ತದೆ.

ಏನು ಬರೆಯಲಿ ಎಂದು ಕೇಳುತ್ತಾರೆ. "ನಿಮ್ಮಿಷ್ಟ" ಅಂದರೆ ಖಾಲಿ ಕೂರುತ್ತಾರೆ, ವಿಷಯ ಬಿಗಿಯಾಗಿ ಕೊಟ್ಟರೆ ಪ್ರಬಂಧವಾಗುತ್ತದೆ. ನಾನು ಹೇಳುವುದು ಇಷ್ಟು: "ಇವತ್ತು ಶಾಲೆಗೆ ಬರೋ ದಾರೀಲಿ ಕಂಡ ಒಂದು ಜೀವ. ಅದು ಎಲ್ಲಿಗೆ ಹೋಗ್ತಿತ್ತು?" ಉಂಬಳ (ಕಾಡಿನ ಜಿಗಣೆ), ಏಡಿ, ಮಂಗಟ್ಟೆ ಹಕ್ಕಿ, ಕಾಟಿ (ಕಾಡುಕೋಣ), ಪಕ್ಕದ ಮನೆ ನಾಯಿ, ಎಲ್ಲ ಬಂದಿವೆ. ಕಾಗುಣಿತ ತಿದ್ದಬೇಡಿ. ಅದಕ್ಕೆ ವರ್ಷವಿಡೀ ಮೇಷ್ಟ್ರಿದ್ದಾರೆ.

8. ಪ್ರಶ್ನೆಗಳು

ಚೀಟಿಯ ಡಬ್ಬ ಇಲ್ಲಿ ಬೇಕಾಗುತ್ತದೆ. ಕೈಯೆತ್ತಿದವರನ್ನಷ್ಟೇ ಕೇಳಿದರೆ ಅದೇ ನಾಲ್ಕು ಜನ ಮಾತಾಡುತ್ತಾರೆ. ಚೀಟಿ ತೆಗೆದು ಓದಿ, ಹೆಸರು ಹೇಳಬೇಡಿ. "ಇದು ನಿಜವಾಗಿ ನಡೆದಿದ್ದಾ?", "ಕಂಪ್ಯೂಟರೇ ಚಿತ್ರ ಬಿಡಿಸ್ತಾ?", "ನಿಮಗೆ ಎಷ್ಟು ದುಡ್ಡು ಬರತ್ತೆ?" ಈ ಮೂರು ಎಲ್ಲ ಶಾಲೆಯಲ್ಲೂ ಬರುತ್ತವೆ, ಉತ್ತರ ಯೋಚಿಸಿಟ್ಟುಕೊಳ್ಳಿ. ದುಡ್ಡಿನ ಪ್ರಶ್ನೆಗೆ ಶಿಕ್ಷಕರು ಮುಜುಗರಪಟ್ಟು ಗದರಿಸಲು ಬರುತ್ತಾರೆ, ತಡೆಯಿರಿ. ಅದು ಒಳ್ಳೆಯ ಪ್ರಶ್ನೆ. ರಾಯಲ್ಟಿ ಎಂದರೆ ಮಾರಾಟವಾದ ಪ್ರತಿ ಪುಸ್ತಕದ ಬೆಲೆಯಲ್ಲಿ ಬರೆದವರಿಗೆ ಸಲ್ಲುವ ಸಣ್ಣ ಪಾಲು, ಚಿತ್ರಪುಸ್ತಕದಲ್ಲಿ ಅದನ್ನು ಲೇಖಕರು, ಚಿತ್ರಕಾರರು ಹಂಚಿಕೊಳ್ಳುವುದುಂಟು ಎಂದು ಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿ. ಬರೆಯುವುದು, ಚಿತ್ರ ಬಿಡಿಸುವುದು ದುಡಿಮೆ ಎನ್ನುವುದು ಮಕ್ಕಳಿಗೆ ತಿಳಿಯಬೇಕು.

9. ಮಾರಾಟ, ಗೌರವಧನ

ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಪುಸ್ತಕ ಮಾರಬೇಡಿ. ಐವರು ಕೊಂಡು ಇಪ್ಪತ್ತು ಮಕ್ಕಳು ನೋಡುತ್ತಾ ನಿಲ್ಲುವ ಹಾಗಾಗಬಾರದು. ಮೊದಲೇ ಕಳಿಸಿದ ಎರಡು ಪ್ರತಿಗಳನ್ನು ಶಾಲೆಯ ಓದುವ ಮೂಲೆಗೆ ಬಿಟ್ಟುಬನ್ನಿ. ಸಹಿ ಕೇಳುವವರಿಗೆ ಅವರದೇ ಪುಟಾಣಿ ಪುಸ್ತಕದ ಬೆನ್ನಪುಟದಲ್ಲಿ ಚಿಕ್ಕ ಚಿತ್ರ ಬರೆದು ಸಹಿ ಹಾಕಿ. ಆಗ ಎಲ್ಲರ ಕೈಯಲ್ಲೂ ಒಂದೊಂದು ಪುಸ್ತಕ ಇರುತ್ತದೆ. ಶುಲ್ಕ ತೆಗೆದುಕೊಳ್ಳುವ ಖಾಸಗಿ ಶಾಲೆಯವರು ಕರೆದರೆ ಗೌರವಧನ, ಪ್ರಯಾಣ ವೆಚ್ಚ ಎರಡನ್ನೂ ಮೊದಲೇ ಕೇಳಿ, ಬರಹದಲ್ಲಿ ಪಡೆಯಿರಿ. ಸಂಕೋಚ ಬೇಡ. ಶಾಲು, ಹಾರ, ಹಣ್ಣಿನ ಬುಟ್ಟಿಯ ಖರ್ಚಿಗೆ ಶಾಲೆಗೆ ನಾಲ್ಕು ಪುಸ್ತಕ ತರಿಸಿ ಎಂದು ಎಲ್ಲ ಕಡೆಯೂ ಹೇಳಿ.

10. ಮಕ್ಕಳ ಸುರಕ್ಷೆ

ಇದರಲ್ಲಿ ರಿಯಾಯಿತಿ ಇಲ್ಲ. ಇಡೀ ಹೊತ್ತು ಒಬ್ಬ ಶಿಕ್ಷಕರು ಕೋಣೆಯಲ್ಲಿರಬೇಕು ಎಂದು ಪತ್ರದಲ್ಲೇ ಬರೆಯಿರಿ. "ನೀವು ನೋಡ್ಕೊಳ್ತೀರಲ್ಲ" ಎಂದು ಅವರು ಆಫೀಸಿಗೆ ಹೋಗಹೊರಟರೆ ವಿನಯದಿಂದ ನಿಲ್ಲಿಸಿಕೊಳ್ಳಿ. ಯಾವ ಮಗುವಿನೊಡನೆಯೂ ಒಬ್ಬರೇ ಇರಬೇಡಿ. ನಿಮ್ಮ ಫೋನ್ ನಂಬರನ್ನು ಮಕ್ಕಳಿಗೆ ಕೊಡಬೇಡಿ, ಪತ್ರವೆಲ್ಲ ಶಾಲೆಯ ವಿಳಾಸದಿಂದಲೇ ಬರಲಿ. ಫೋಟೋ ತೆಗೆಯುವುದಾದರೆ ಮುಖ್ಯ ಶಿಕ್ಷಕರ ಒಪ್ಪಿಗೆ ಬೇಕು. ಎಲ್ಲರಿಗೂ ಕಾಣುವಂತೆ ಹಾಕುವುದಾದರೆ ಪೋಷಕರ ಒಪ್ಪಿಗೆಯೂ ಬೇಕು. ಕೆಲಸ ಮಾಡುತ್ತಿರುವ ಕೈಗಳ ಫೋಟೋ ಸಾಕಲ್ಲ, ಮುಖ ಯಾಕೆ?

ಮಕ್ಕಳು ಚಿತ್ರದಲ್ಲಿ, ಕಥೆಯಲ್ಲಿ ಮನೆಯ ಕಷ್ಟ ಹೇಳಿಬಿಡುವುದುಂಟು. ಹೊಡೆತ, ಹೆದರಿಕೆ, ಯಾರದೋ ಕೆಟ್ಟ ನಡವಳಿಕೆ ಕಂಡರೆ ಎಲ್ಲರೆದುರು ಕೆದಕಬೇಡಿ, ಗುಟ್ಟಾಗಿಡುತ್ತೇನೆ ಎಂದು ಮಾತೂ ಕೊಡಬೇಡಿ. ಅದೇ ದಿನ ಮುಖ್ಯ ಶಿಕ್ಷಕರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098ಕ್ಕೆ ನೀವೂ ಕರೆ ಮಾಡಬಹುದು.

11. ಹೊರಡುವ ದಿನ

ಚೀಲದಲ್ಲಿರಬೇಕಾದ್ದು: ಎ4 ಹಾಳೆ, ಚಾರ್ಟ್ ಪೇಪರ್, ಮಾರ್ಕರ್, ಬಣ್ಣದ ಸೀಮೆಸುಣ್ಣ, ಒಂದು ಡಸ್ಟರ್, ಪೆನ್ಸಿಲ್ ಒಂದು ಡಜನ್, ಮೊಂಡುಮೂತಿಯ ಕತ್ತರಿ ನಾಲ್ಕು, ಪೇಪರ್ ಟೇಪು, ಬಟ್ಟೆ ಕ್ಲಿಪ್ಪು, ದಾರ, ಡಮ್ಮಿ, ಭೂತಗನ್ನಡಿ. ಮಳೆಗಾಲದಲ್ಲಿ ಹಾಳೆಗಳಿಗೆ ಎರಡು ಪದರ ಪ್ಲಾಸ್ಟಿಕ್. ಶಾಲೆ ಕಾಡಂಚಿನಲ್ಲಿದ್ದು ನಡೆದು ಹೋಗುವುದಾದರೆ ಉಂಬಳಕ್ಕೆ ಉಪ್ಪಿನ ಚೀಟಿ. ಫೋನ್ ಸಿಗದ ಊರುಗಳು ಇನ್ನೂ ಇವೆ, ದಾರಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ, ವಾಪಸ್ ಬರುವ ಕೊನೆಯ ಬಸ್ಸಿನ ಹೊತ್ತನ್ನು ಹಿಂದಿನ ದಿನವೇ ಕೇಳಿಕೊಳ್ಳಿ. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆ ಹೋಗುವವರಿಗೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕೆಲಸ ಇಲ್ಲ.

ಅರ್ಧ ಗಂಟೆ ಮುಂಚೆ ತಲುಪಿ. ಕೋಣೆ ನೋಡಿ, ಕಿಟಕಿಯ ಬೆಳಕು ಯಾವ ಕಡೆಯಿಂದ ಎಂದು ಗಮನಿಸಿ. ಕಿಟಕಿಗೆ ಬೆನ್ನು ಮಾಡಿ ನಿಂತರೆ ಮಕ್ಕಳಿಗೆ ನೀವೂ ಕಪ್ಪು, ಪುಸ್ತಕವೂ ಕಪ್ಪು.

12. ಬಂದ ಮೇಲೆ

ಮಕ್ಕಳ ಪುಟಾಣಿ ಪುಸ್ತಕಗಳನ್ನು "ನೆನಪಿಗೆ ಇರಲಿ" ಎಂದು ತರಬೇಡಿ, ಅವು ಅವರವು. ಹೊರಡುವ ಮುಂಚೆ ಚಪ್ಪರಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿಸಿ, ಬೇರೆ ತರಗತಿಯವರು ಬಂದು ಓದಲಿ. ಒಂದು ವಾರದೊಳಗೆ ಶಾಲೆಗೆ ಅಂಚೆ ಕಾರ್ಡ್ ಬರೆಯಿರಿ. "ಕಾರ್ಯಕ್ರಮ ಚೆನ್ನಾಗಿತ್ತು, ಧನ್ಯವಾದ" ಎಂದಷ್ಟೇ ಬರೆಯಬೇಡಿ. ಯಾವ ಪುಟಾಣಿ ಪುಸ್ತಕದಲ್ಲಿ ಏಡಿ ಎತ್ತ ಹೋಗುತ್ತಿತ್ತು, ಆ ಪ್ರಶ್ನೆಗೆ ಅವತ್ತು ಹೇಳಲಾಗದ ಉತ್ತರ ಈಗ ಏನು ಹೊಳೆಯಿತು ಎನ್ನುವುದನ್ನು ಬರೆಯಿರಿ. ಡಬ್ಬದಲ್ಲಿ ಉಳಿದ ಚೀಟಿಗಳನ್ನು ಕೇಳಿ ತಂದಿದ್ದರೆ ಅವಕ್ಕೂ ಒಂದೊಂದು ಸಾಲಿನ ಉತ್ತರ ಕಳಿಸಿ. ಆಮೇಲೆ ಶಾಲೆಯಿಂದ ಕಾಗದ ಬರತೊಡಗುತ್ತದೆ. ಅದಕ್ಕೆ ಉತ್ತರ ಬರೆಯಲು ತಿಂಗಳಿಗೆ ಒಂದು ಭಾನುವಾರ ಬಿಡುವು ಇಟ್ಟುಕೊಳ್ಳಿ.